ಮುತ್ತಾತನ ಶಾಲು, ನನ್ನ ರಕ್ತ

ಮೊದಲು ಕಣ್ಣಿಗೆ ಬಿದ್ದದ್ದು ಬಟ್ಟೆಯ ಮೇಲಿನ ಕಲೆ.

ಮಗುವಿನ ಉಚ್ಚೆಬಟ್ಟೆ ಬದಲಾಯಿಸುತ್ತಿದ್ದೆ. ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು ಬಣ್ಣ. ಆ ಬಣ್ಣವನ್ನು ನಾನು ಅದಕ್ಕೂ ಮುಂಚೆ ಒಮ್ಮೆ ನೋಡಿದ್ದೆ.

ಆಗಲೂ ಗಂಡುಮಗು. ಆಗಲೂ ನಾಮಕರಣ ಮುಗಿದು ಎರಡು ಮೂರು ದಿನ. ಆಗಲೂ ಹೀಗೇ ಮೊದಲು ಕಲೆ, ಆಮೇಲೆ ಅರಿಶಿನ ಬಳಿದಂತೆ ಮೈಯೆಲ್ಲ ಹಳದಿ, ಆಮೇಲೆ ಮೊಲೆಗೆ ಬಾಯಿಡದೆ ಸೊರಗಿದ್ದು.

ಆಮೇಲೆ ಇಲ್ಲ.

ಆ ಮಗುವಿಗೂ ಒಂದು ಹೆಸರಿಟ್ಟಿದ್ದೆವು. ಮನೆಯಲ್ಲಿ ಯಾರೂ ಅದನ್ನು ಎತ್ತುವ ಹಾಗಿರಲಿಲ್ಲ. ಹೋದ ಎಳೆಕೂಸಿನ ಹೆಸರು ಹಿಡಿದರೆ ಅದು ಹಿಂದಿರುಗಿ ಬಂದು ಮುಂದಿನ ಕೂಸನ್ನು ಕರೆದೊಯ್ಯುತ್ತದೆ ಎಂದು ನಮ್ಮತ್ತೆಯ ನಂಬಿಕೆ. ನನ್ನ ಮಗನ ಹೆಸರನ್ನು ನಾನೇ ನುಂಗಿಕೊಂಡು ವರ್ಷಗಳನ್ನು ಕಳೆದೆ. ಹೆಸರು ನುಂಗಬಹುದು, ಮಾತು ಕೇಳುವುದು ಕಷ್ಟ. “ಇವಳ ಹೊಟ್ಟೇಲಿ ಗಂಡು ನಿಲ್ಲಾಕಿಲ್ಲ” ಎಂದು ಅತ್ತೆಯೂ ಬೀದಿಯ ಹೆಂಗಸರೂ ಸೇರಿ ತೀರ್ಪು ಕೊಟ್ಟಾಗಿತ್ತು. ಮೇಲ್ಮನವಿ ಹಾಕಲು ಮೇಲೊಂದು ಕೋರ್ಟು ನನಗೆ ಕಾಣಲಿಲ್ಲ.

ನಾನು ಹುಟ್ಟಿ ಬೆಳೆದದ್ದು ವಿಲ್ಸನ್ ಗಾರ್ಡನ್ನಿನಲ್ಲಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೇನೆ. ಗಂಡನ ಮನೆಯವರು ಯಡಿಯೂರಿನ ಬೇಸಾಯದ ಮಂದಿ. ಅವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಜಯನಗರದ ರಸ್ತೆಗಳು ಹಾದುಹೋದ ಮೇಲೆ, ಉಳಿದ ಜಾಗದಲ್ಲಿ ತಾರಸಿ ಮನೆ ಕಟ್ಟಿದರು. ನನ್ನ ಗಂಡ ನೇಗಿಲು ಬಿಟ್ಟು ಕಾರ್ಖಾನೆಯಲ್ಲಿ ಫಿಟ್ಟರ್ ಆದರು. ಮಾವ ಇಲ್ಲ. ಮನೆ ನಡೆಸುವವರು ಅತ್ತೆ, ಪುಟ್ಟತಾಯಮ್ಮ. ಗಟ್ಟಿಗಿತ್ತಿ. ನನಗೂ ಅವರಿಗೂ ಮೊದಲ ದಿನದಿಂದ ಎಣ್ಣೆ ಸೀಗೆಕಾಯಿ ಎಂದೇ ಎಲ್ಲರೂ ಹೇಳುತ್ತಿದ್ದರು, ಸುಳ್ಳೇನಲ್ಲ.

ಅವರ ಮರದ ಪೆಟ್ಟಿಗೆಯಲ್ಲಿ ಒಂದು ಶಾಲು ಇತ್ತು. ಕಂದು ಬಣ್ಣದ ಉಣ್ಣೆಯ ಶಾಲು. ನನ್ನ ಗಂಡನ ತಾತನದು. ಮೊಮ್ಮಕ್ಕಳ ಮದುವೆ ನೋಡಿ, ಹಲ್ಲು ಗಟ್ಟಿಯಿರುವಾಗಲೇ ಹೋದ ಆಸಾಮಿ ಆತ. ಆ ವಂಶದಲ್ಲಿ ಯಾವ ಮಗು ಹುಟ್ಟಿದರೂ ನಾಮಕರಣದ ದಿನ ಆ ಶಾಲು ಪೆಟ್ಟಿಗೆಯಿಂದ ಹೊರಗೆ ಬರಬೇಕು.

“ಎಳೆಕೂಸಿಗೆ ಹೊಸಬಟ್ಟೆ ಹಾಕ್ಬಾರ್ದು ಕಣೇ ಜಯ. ಬಾಳಿ ಬದುಕಿದೋರ ಬಟ್ಟೆ ಸುತ್ತಬೇಕು. ಅವರ ಆಯಸ್ಸು ಇದಕ್ಕೆ ಬತ್ತದೆ” ಎನ್ನುತ್ತಿದ್ದರು ಅತ್ತೆ.

ನನ್ನ ಮೊದಲ ಮಗು ಗಿರಿಜೆಯನ್ನು ಸುತ್ತಿದ್ದು ಆ ಶಾಲಿನಲ್ಲೇ. ಅವಳು ಗುಂಡುಕಲ್ಲಿನ ಹಾಗೆ ಬೆಳೆದಳು. ಎರಡನೆಯವನನ್ನೂ ಅದರಲ್ಲೇ ಸುತ್ತಿದ್ದು. ಈಗ ಮೂರನೆಯವನು, ಮಂಜುನಾಥ. ಅವನಿಗಂತೂ ಅತ್ತೆ ಶಾಲನ್ನು ಹಗಲಿರುಳು ಬಿಚ್ಚಲೇ ಇಲ್ಲ. ಒಂದು ಕೂಸು ಕೈಜಾರಿದೆ, ಇದನ್ನು ಬಿಡಬಾರದು ಎಂಬ ಹಟ. ದಿನವೂ ಎಣ್ಣೆ ತಿಕ್ಕಿ ನೀರೆರೆದು, ಸಾಂಬ್ರಾಣಿ ಹೊಗೆಯ ಮೇಲೆ ಮಗುವನ್ನೂ ಶಾಲನ್ನೂ ಹಿಡಿದು ಬೆಚ್ಚಗೆ ಮಾಡಿ ಸುತ್ತುತ್ತಿದ್ದರು.

ಆ ಪ್ರೀತಿಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಕೆಟ್ಟದಾಗಿ ಮಾತಾಡುವುದಿದೆ.

ಕಂದು ಕಲೆ ಕಂಡ ಬೆಳಗ್ಗೆ ನನ್ನ ಗಂಡ ಶಿಫ್ಟಿಗೆ ಹೋಗಿದ್ದರು. ಅತ್ತೆಗೆ ತೋರಿಸಿದೆ. ಅವರ ಮುಖವೂ ಬಿಳಿಚಿತು.

“ಬಾಲಗ್ರಹ. ಕತ್ರಿಗುಪ್ಪೆಯೋರ್ನ ಕರೆಸ್ತೀನಿ, ತಾಯತ ಕಟ್ತಾರೆ.”

“ಹೋದ ಸಲಾನೂ ಕಟ್ಟಿದ್ರು ಅತ್ತೆ. ತಾಯತದ ಜೊತೆಗೇ ಮಣ್ಣು ಮಾಡಿದ್ವಿ. ನಾನು ಆಸ್ಪತ್ರೆಗೆ ಹೋಗ್ತೀನಿ.”

“ಬಾಣ್ತಿ ಹೊಸಿಲು ದಾಟ್ತೀಯಾ? ಗಾಳಿ ಮೆಟ್ಕತದೆ. ನೀನೂ ಉಳಿಯಾಕಿಲ್ಲ.”

“ಇವನು ಹೋದ್ರೆ ನಾನು ಉಳಿದು ಏನ್ ಮಾಡ್ಲಿ?”

ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸೊಂಟಕ್ಕೆ ಬಿಗಿದ ಸೀರೆ. ಅದೇ ಬಾಣಂತಿ ವೇಷದಲ್ಲಿ ಬೆಳಗಿನ ಬಿಸಿಲಿಗೆ ನಡೆದೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಮೂಡಿದವು. ನೋಡಲಿ ಬಿಡು ಅನ್ನಿಸಿತು. ಮೂಲೆಯಲ್ಲಿ ಜಟಕಾ ಸಿಕ್ಕಿತು. ಹತ್ತಿ ಕೂತ ಮೇಲೆ ನೋಡುತ್ತೇನೆ, ಅತ್ತೆ ಗಿರಿಜೆಯನ್ನು ಪಕ್ಕದ ಮನೆಗೆ ಬಿಟ್ಟು ಏದುಸಿರು ಬಿಡುತ್ತಾ ಬಂದು ಗಾಡಿ ಹತ್ತಿದರು. ದಾರಿಯುದ್ದಕ್ಕೂ ಬೈಗುಳ. ಬೈಯುತ್ತಲೇ ಮಗುವಿಗೆ ಗಾಳಿ ತಾಗೀತೆಂದು ಶಾಲನ್ನು ಇನ್ನೂ ಬಿಗಿಯಾಗಿ ಸುತ್ತಿದರು.

ಮಕ್ಕಳ ವಾರ್ಡಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ನನಗಿಂತ ಹೆಚ್ಚೆಂದರೆ ಹತ್ತು ವರ್ಷ ದೊಡ್ಡವರು. ಮಗುವಿನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಅಂಗೈ ನೋಡಿದರು. ನಾನು ತಂದಿದ್ದ ಕಂದು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊದಲ ಗಂಡುಮಗು ಹೀಗೇ ಹೋದದ್ದನ್ನೂ ಹೇಳಿದೆ. ಆಮೇಲೆ ಮಗುವಿನ ಮೇಲೆ ಬಗ್ಗಿದವರು ಹಾಗೇ ನಿಂತರು. ಶಾಲಿನ ಅಂಚನ್ನು ಮೂಗಿಗೆ ಹಿಡಿದರು.

“ಏನಮ್ಮ ಇದು ವಾಸನೆ?”

“ಸಾಂಬ್ರಾಣಿ, ಅಮ್ಮಾರೇ” ಎಂದರು ಅತ್ತೆ.

“ಸಾಂಬ್ರಾಣಿ ಇದೆ, ಸರಿ. ಅದರ ಕೆಳಗೆ ಇನ್ನೊಂದಿದೆ. ಈ ಶಾಲು ಎಲ್ಲಿಟ್ಟಿದ್ರಿ?”

“ಪೆಟ್ಟಿಗೇಲಿ.”

“ನುಸಿಗುಳಿಗೆ ಹಾಕಿದ್ರಾ?”

ಅತ್ತೆ ಸ್ವಲ್ಪ ಹೆಮ್ಮೆಯಿಂದಲೇ ಹೌದೆಂದರು. ಮೊದಲು ಅವರು ಪೆಟ್ಟಿಗೆಗೆ ಹಾಕುತ್ತಿದ್ದದ್ದು ಬೇವಿನಸೊಪ್ಪು. ತಾರಸಿ ಮನೆಗೆ ಬಂದ ಮೇಲೆ, ಜಯನಗರದ ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಗುಳಿಗೆ ಸಿಗತೊಡಗಿದ ಮೇಲೆ, ಸೊಪ್ಪು ಹಳ್ಳಿಯವರ ಕೆಲಸವಾಯಿತು. ಹಿಡಿಗಟ್ಟಲೆ ಗುಳಿಗೆ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಬಾಣಂತಿ ಕೋಣೆಯೆಂದರೆ ಸದಾ ಸಾಂಬ್ರಾಣಿಯ ಹೊಗೆ, ನಮ್ಮ ಯಾರ ಮೂಗಿಗೂ ಬೇರೇನೂ ಹತ್ತಿರಲಿಲ್ಲ.

“ಸಿಸ್ಟರ್, ಈ ಶಾಲು ತೆಗೆದು ಹೊರಗೆ ಹಾಕಿ. ಮಗೂಗೆ ಸೋಪು ಹಾಕಿ ಮೈ ತೊಳೀರಿ. ಈಗಲೇ” ಎಂದು ಹೇಳಿ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ಮೊದಲನೇ ಗಂಡು ಹೋಯ್ತು ಅಂದ್ರಲ್ಲ. ಅವನಿಗೂ ಇದೇ ಶಾಲು ಹೊದಿಸಿದ್ರಾ?”

ಹೌದು, ಇದೇ ಶಾಲು.

ನನ್ನ ಬಾಯಿಂದ ಆ ಮಾತು ಹೊರಬಿದ್ದ ಕ್ಷಣ ಅತ್ತೆ ಗೋಡೆ ಹಿಡಿದು ಕೂತರು.

ಸಿಸ್ಟರ್ ಮಗುವನ್ನು ಎತ್ತಿಕೊಂಡು ಹೋದರು. ನಾವಿಬ್ಬರೂ ವರಾಂಡದ ಬೆಂಚಿನಲ್ಲಿ ಉಳಿದೆವು. ಇಷ್ಟು ವರ್ಷ ನನ್ನ ಹೊಟ್ಟೆಯ ಮೇಲೆ ಹೇರಿದ್ದ ಭಾರವೆಲ್ಲ ನಾಲಿಗೆಗೆ ಬಂತು. ಹೇಳಿದೆ. “ನನ್ನ ಹೊಟ್ಟೇಲಿ ಗಂಡು ನಿಲ್ಲಲ್ಲ ಅಂತಿದ್ರಲ್ಲ ಅತ್ತೆ, ನಿಂತಿತ್ತು. ಚೆನ್ನಾಗೇ ನಿಂತಿತ್ತು. ನಿಮ್ಮ ಪೆಟ್ಟಿಗೆ ತಿಂದು ಹಾಕ್ತು ಅದನ್ನ.” ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. ಆ ಮಾತಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅದು ಹೊರಗೆ ಬರದೆ ಹೋಗಿದ್ದರೆ ನಾನು ಅಲ್ಲೇ ಹುಚ್ಚಿಯಾಗುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಗಂಡ ಎಣ್ಣೆಮಸಿಯ ಬಟ್ಟೆಯಲ್ಲೇ ಓಡಿ ಬಂದರು. ಮಗುವಿನ ತುಟಿ ಅಷ್ಟರಲ್ಲಿ ಕಾಗದದ ಹಾಗೆ ಬೆಳ್ಳಗಾಗಿತ್ತು. ರಕ್ತ ಕೊಡಬೇಕೆಂದರು ಡಾಕ್ಟರಮ್ಮ. ಗ್ರೂಪ್ ನೋಡಿದರು. ಅಪ್ಪನದು ಹೊಂದಿತು. ಸೂಜಿ ಕಂಡರೆ ದೂರ ಓಡುವ ಮನುಷ್ಯ, ಅಂಗಿ ಮಡಿಸಿ ತೋಳು ಚಾಚಿದರು. ಅಷ್ಟು ಸಣ್ಣ ಮೈಗೆ ಅಷ್ಟು ದೊಡ್ಡ ಬಾಟಲಿ. ಸೂಜಿ ಚುಚ್ಚಲು ರಕ್ತನಾಳ ಸಿಗದೆ ಹಣೆಯಲ್ಲಿ ಹುಡುಕಿದರು. ಅವನು ಅಳಲಿಲ್ಲ. ಅಳಬೇಕಿತ್ತು. ಅಳು ಮಗನೆ, ಅಳು, ಎಂದು ನಾನು ಬೇಡಿಕೊಂಡೆ.

ಸಾಯಂಕಾಲ ಡಾಕ್ಟರಮ್ಮ ಬಂದು ನಮ್ಮ ಬೆಂಚಿನ ಮೇಲೆಯೇ ಕೂತು ವಿವರಿಸಿದರು. ರಕ್ತದಲ್ಲಿ ಕೆಂಪುಕಣಗಳಿರುತ್ತವೆ. ಕೆಲವು ವಸ್ತುಗಳ ವಿಷ ತಾಗಿದಾಗ ಒಡೆಯದಂತೆ ಕಣಗಳನ್ನು ಕಾಯಲು ಒಳಗೊಂದು ಕಾವಲಿರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಕಾವಲು ಕಡಿಮೆ. ಅಂಥವರಿಗೆ ನುಸಿಗುಳಿಗೆಯ ಹಬೆ ತಾಗಿದರೆ ಕಣಗಳು ರಾಶಿರಾಶಿಯಾಗಿ ಒಡೆಯುತ್ತವೆ. ಒಡೆದ ಕಣಗಳ ಬಣ್ಣ ಒಂದಷ್ಟು ಉಚ್ಚೆಯಲ್ಲಿ ಹೋಗುತ್ತದೆ, ಒಂದಷ್ಟು ಹಳದಿಯಾಗಿ ಮೈಗೇರುತ್ತದೆ. ಎಳೆಮಕ್ಕಳಲ್ಲಿ ಅದು ಮಿದುಳಿಗೂ ಏರಬಹುದು. ಎಣ್ಣೆ ತಿಕ್ಕಿದ ಮೈ ಆ ವಿಷವನ್ನು ಇನ್ನೂ ಬೇಗ ಹೀರಿಕೊಳ್ಳುತ್ತದೆ.

ಕೊನೆಯ ಮಾತು ಕೇಳಿ ಅತ್ತೆ ತಮ್ಮ ಅಂಗೈಗಳನ್ನು ನೋಡಿಕೊಂಡರು.

“ಬದುಕ್ತಾನಾ?” ಎಂದು ಕೇಳಿದೆ.

“ನಾಳೆ ಉಚ್ಚೆ ಬಣ್ಣ ನೋಡೋಣಮ್ಮ” ಎಂದರು ಅವರು.

ಅಲ್ಲಿಂದ ಮುಂದೆ ನನ್ನ ಲೋಕವೆಲ್ಲ ಒಂದು ಬಿಳಿ ಬಟ್ಟೆ. ಜನ ಆಕಾಶ ನೋಡಿ ಮಳೆ ಹೇಳುತ್ತಾರೆ, ನಾನು ಬಟ್ಟೆ ನೋಡಿ ಮಗನ ಆಯುಸ್ಸು ಹೇಳಿಕೊಳ್ಳುತ್ತಿದ್ದೆ. ಕಂದು. ಮತ್ತೆ ಕಂದು. ಆಮೇಲೆ ಚಹಾದ ಬಣ್ಣ. ಆಮೇಲೊಂದು ಬೆಳಗ್ಗೆ ಬಟ್ಟೆ ಒದ್ದೆಯಾಗಿದೆ, ಬಣ್ಣವೇ ಇಲ್ಲ. ನೀರು. ಬರೀ ನೀರು. ಆ ಒದ್ದೆ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನಾನು ಅತ್ತುಬಿಟ್ಟೆ. ಪಕ್ಕದ ಮಂಚದ ಹೆಂಗಸು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅಷ್ಟರಲ್ಲಿ ಮಂಜುನಾಥನೂ ಹಸಿವಿನಿಂದ ಕಿರುಚಿದ, ಇಡೀ ವಾರ್ಡು ಎದ್ದು ಕೂರುವ ಹಾಗೆ.

ಮನೆಗೆ ಬಂದ ಮೇಲೆ ಅತ್ತೆ ಪೆಟ್ಟಿಗೆ ಖಾಲಿ ಮಾಡಿ ಬಿಸಿಲಿಗಿಟ್ಟರು. ಗುಳಿಗೆಗಳನ್ನು ಮಣ್ಣಿನಲ್ಲಿ ಹೂತರು. ಆಸ್ಪತ್ರೆಯಿಂದ ತಂದ ಶಾಲನ್ನು ಮತ್ತೆ ಮತ್ತೆ ಒಗೆದು ತಾರಸಿಯ ಮೇಲೆ ಹರಡಿದರು. ಮಗುವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ನಾನು ಕೊಡಲು ಹೋದರೂ “ಬ್ಯಾಡ, ನೀನೇ ಎತ್ಕೊ” ಎನ್ನುತ್ತಿದ್ದರು. ನನಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ.

ಕೆಲವು ತಿಂಗಳ ನಂತರ ಡಾಕ್ಟರಮ್ಮ ಮಗುವಿನ ರಕ್ತ ಪರೀಕ್ಷೆ ಮಾಡಿದರು. ಕೊಟ್ಟ ರಕ್ತ ಕರಗಿ ಅವನ ಸ್ವಂತ ರಕ್ತ ತುಂಬುವವರೆಗೆ ಅದು ಸರಿಯಾಗಿ ಗೊತ್ತಾಗುವುದಿಲ್ಲವಂತೆ. ನನ್ನ ರಕ್ತವನ್ನೂ ತೆಗೆದರು. ಜಿ-ಸಿಕ್ಸ್-ಪಿಡಿ ಎಂದು ಏನೋ ಉದ್ದ ಹೆಸರು. ಇಂಗ್ಲೆಂಡು ಅಮೆರಿಕದಲ್ಲೂ ಇದನ್ನು ಇತ್ತೀಚೆಗಷ್ಟೇ ಕಂಡುಹಿಡಿದಿದ್ದಾರಂತೆ.

“ಕಾವಲು ಕಡಿಮೆ ಇರೋದು ಖಾತ್ರಿಯಾಯ್ತು. ಇದು ತಾಯಿ ಕಡೆಯಿಂದ ಬರೋದಮ್ಮ. ನಿಮ್ಮ ರಕ್ತದಲ್ಲಿದೆ. ಹೆಂಗಸರಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಗಂಡುಮಕ್ಕಳಿಗೆ ಹೋದಾಗ ಕಾಣಿಸುತ್ತೆ.”

ಬೆಂಚಿನ ಮೇಲೆ ಕೂತು ಅತ್ತೆಗೆ ನಾನು ಆಡಿದ್ದೆಲ್ಲ ಈಗ ನನ್ನ ಮುಂದೆ ಬಂದು ನಿಂತಿತು. ಗುಳಿಗೆ ಅವರದು. ರಕ್ತ ನನ್ನದು.

ತವರಿಗೆ ಹೋಗಿ ಅಮ್ಮನನ್ನು ಕೇಳಿದೆ. ಅಮ್ಮ ತನ್ನ ತಮ್ಮನ ಕಥೆ ಹೇಳಿದಳು. ಮನೆಮನೆಗೆ ಡಿಡಿಟಿ ಹೊಡೆಯುವವರು ಬರುತ್ತಿದ್ದ ಕಾಲದಲ್ಲಿ ನನ್ನ ಈ ಸೋದರಮಾವನಿಗೆ ಮಲೇರಿಯಾ ಬಂದಿತ್ತು. ಕೊಟ್ಟ ಮಾತ್ರೆ ನುಂಗಿದ ಮೇಲೆ ಜ್ವರ ಹೋಯಿತು, ಉಚ್ಚೆ ಕಪ್ಪಾಯಿತು. ತಿಂಗಳುಗಟ್ಟಲೆ ಸುಸ್ತು. ಆಮೇಲೆ ಗುಣವಾದ. ಮನೆಯಲ್ಲೆಲ್ಲ ಅವನಿಗೆ ‘ಇಂಕುಪೆನ್ನು’ ಎಂದು ಅಡ್ಡಹೆಸರು. ನಾವೂ ಹಾಗೇ ರೇಗಿಸಿದ್ದೆವು. ನಮ್ಮ ವಂಶದ ಕಾಯಿಲೆ ಇಷ್ಟು ವರ್ಷ ನಮ್ಮ ನಗೆಯಲ್ಲೇ ಅಡಗಿ ಕೂತಿತ್ತು.

ಹೊರಡುವಾಗ ಅಮ್ಮ ಮೆಲ್ಲಗೆ, “ಗಂಡನ ಮನೇಲಿ ಇದನ್ನ ಹೇಳ್ಬೇಡ ಕಣೆ. ನಾಳೆ ಗಿರಿಜೆಗೆ ಗಂಡು ಹುಡುಕೋದಿದೆ” ಎಂದಳು.

ಬಸ್ಸಿನಲ್ಲಿ ಬರುವಾಗ ಆ ಮಾತನ್ನೇ ಮೆಲುಕು ಹಾಕಿದೆ. ಅಜ್ಜಿ ಅಮ್ಮನಿಗೆ ಕೊಟ್ಟಳು, ಗೊತ್ತಿಲ್ಲದೆ. ಅಮ್ಮ ನನಗೆ ಕೊಟ್ಟಳು, ಗೊತ್ತಿಲ್ಲದೆ. ನಾನು ಮಂಜುನಾಥನಿಗೆ ಕೊಟ್ಟೆ. ಗಿರಿಜೆಗೂ ಕೊಟ್ಟಿರಬಹುದು, ಕೊಡದೆಯೂ ಇರಬಹುದು ಎಂದಿದ್ದರು ಡಾಕ್ಟರಮ್ಮ. ಅಮ್ಮನ ಮೂಗು ಬಂದಿದೆ, ಅಮ್ಮನ ಸಿಡುಕು ಬಂದಿದೆ, ಅವುಗಳಿಗೆ ನಾನು ಯಾರ ಕ್ಷಮೆಯನ್ನೂ ಕೇಳಿಲ್ಲ. ರಕ್ತಕ್ಕೆ ಮಾತ್ರ ಯಾಕೆ ಕೇಳಬೇಕು? ಬಚ್ಚಿಟ್ಟರೆ ಗಿರಿಜೆಗೆ ಗಂಡು ಸಿಗಬಹುದು. ಅವಳ ಗಂಡುಮಗುವನ್ನು ಯಾರೋ ಅಕ್ಕರೆಯಿಂದ ಇನ್ನೊಂದು ಶಾಲಿನಲ್ಲಿ ಸುತ್ತುತ್ತಾರೆ. ನಾನು ಬಚ್ಚಿಡುವುದಿಲ್ಲ. ಅಂದೇ ಗಂಡನಿಗೂ ಅತ್ತೆಗೂ ಎಲ್ಲವನ್ನೂ ಹೇಳಿದೆ. ಗಂಡ ನನ್ನ ಕೈ ಹಿಡಿದುಕೊಂಡರು. ಅತ್ತೆ ಕೇಳಿಸಿಕೊಂಡು, ಎದ್ದು, ಒಳಗೆ ಹೋದರು.

ಈಗ ಅವರ ಕೈಯಲ್ಲೂ ಒಂದು ಕಲ್ಲಿದೆ, ಯಾವತ್ತು ಎಸೆಯುತ್ತಾರೋ ಎಂದು ಕಾದೆ.

ಮಂಜುನಾಥ ಅಂಬೆಗಾಲಿಡುವ ಹೊತ್ತಿಗೆ ಅತ್ತೆಯ ಮೈದುನ ನಂಜಪ್ಪನವರ ಮಗಳಿಗೆ ಗಂಡುಮಗುವಾಯಿತು. ಒಂದು ಭಾನುವಾರ ಅವರು ಹೆಂಡತಿಯ ಜೊತೆ ನಮ್ಮ ಮನೆಗೆ ಬಂದರು. ಬಂದದ್ದು ಶಾಲು ಕೇಳಲು, ನಾಮಕರಣಕ್ಕೆ. ನಮ್ಮ ಮನೆಯಲ್ಲಾದ ಸಂಗತಿ ಅವರ ಕಿವಿಗೂ ಬಿದ್ದಿತ್ತು. ಕಾಫಿ ಲೋಟ ಕೆಳಗಿಟ್ಟು ನನ್ನ ಗಂಡನಿಗೆ ಹೇಳಿದರು, ನನಗೆ ಕೇಳಲೆಂದೇ.

“ಹೆಣ್ಣು ತರುವಾಗ ಕುಲ ಗೋತ್ರ ಎಲ್ಲಾ ನೋಡಿದ್ವಿ ಕಣಪ್ಪ, ರಕ್ತ ಒಂದು ನೋಡಲಿಲ್ಲ. ಹೋಗ್ಲಿ ಬಿಡು. ನಮ್ಮದು ಶುದ್ಧ ರಕ್ತ, ನಮಗೆ ಶಾಲಿಂದ ಏನೂ ಆಗಾಕಿಲ್ಲ. ನೀವು ಮಾತ್ರ ಈ ಇಸ್ಯ ಹೊರಗೆ ಬಿಡಬ್ಯಾಡಿ. ಹೆಣ್ಣುಮಗಳಿದ್ದಾಳೆ ಮನೇಲಿ.”

ನನ್ನ ಗಂಡ ಬಾಯಿ ತೆರೆಯುವ ಮುಂಚೆ ನಾನೇ ಮುಂದೆ ಬಂದೆ.

“ಹೌದು ಮಾವ, ರಕ್ತ ನಂದೇ. ನಮ್ಮಮ್ಮನದು, ನಮ್ಮಜ್ಜಿದು. ಕದ್ದು ತಂದಿದ್ದಲ್ಲ. ಗಿರಿಜೆಗೆ ತಿಳುವಳಿಕೆ ಬಂದ ದಿನ ಅವಳಿಗೆ ಹೇಳ್ತೀನಿ, ಅವಳನ್ನ ಕೇಳ್ಕೊಂಡು ಬಂದೋರಿಗೂ ಹೇಳ್ತೀನಿ. ಇಷ್ಟ ಇದ್ದೋರು ಮಾಡ್ಕೊಳ್ಲಿ, ಇಲ್ಲದೋರು ಕಾಫಿ ಕುಡಿದು ಹೋಗ್ಲಿ.”

ನಂಜಪ್ಪನವರು ಕೆಂಪಾದರು. “ನೋಡಿದ್ರಾ ಅತ್ಗೆ ನಿಮ್ಮ ಸೊಸೆ ಮಾತ?” ಎಂದು ಒಳಕೋಣೆಯ ಕಡೆ ಕೂಗಿದರು.

ಅತ್ತೆ ಹೊರಗೆ ಬಂದರು. ತೋಳಿನ ಮೇಲೆ ಶಾಲು. ಅದರ ಮಡಿಕೆಗಳಿಂದ ಬೇವಿನ ಒಣ ಎಲೆಗಳು ನೆಲಕ್ಕೆ ಉದುರುತ್ತಿದ್ದವು. ಕಲ್ಲು ಎಸೆಯುವ ದಿನ ಬಂತು ಎಂದುಕೊಂಡು ನಾನು ಬೆನ್ನು ನೆಟ್ಟಗೆ ಮಾಡಿ ನಿಂತೆ.

“ನೋಡಿದೆ ನಂಜಪ್ಪ. ಸರಿಯಾಗೇ ಹೇಳವ್ಳೆ” ಎಂದರು ಅತ್ತೆ. “ನಿನ್ನ ಮಗಳ ರಕ್ತ ಶುದ್ಧ ಅಂತ ಯಾರು ನೋಡಿದ್ರು? ನೀನು ನೋಡಿದ್ದಾ? ಇವಳ ರಕ್ತ ಅದರ ಪಾಡಿಗೆ ಅದಿತ್ತು. ಕೆಣಕಿದ್ದು ನನ್ನ ಗುಳಿಗೆ. ನಾನು ಈ ಕೈಯಾರೆ ಎಣ್ಣೆ ತಿಕ್ಕಿ, ಈ ಕೈಯಾರೆ ಸುತ್ತಿದೆ. ನಮ್ಮ ಚಂದ್ರಶೇಖರ ಇದರಾಗೇ ಹೋದ.”

ಚಂದ್ರಶೇಖರ.

ಆ ಹೆಸರು ನಮ್ಮ ಮನೆಯಲ್ಲಿ ಕೇಳಿಸಿದ್ದು, ಅವನು ಹೋದ ಮೇಲೆ, ಅದೇ ಮೊದಲು. ಅದನ್ನು ಎತ್ತಬಾರದೆಂದು ಕಟ್ಟು ಮಾಡಿದವರ ಬಾಯಿಂದಲೇ ಬಂತು. ಅತ್ತೆ ಅಲ್ಲಿಗೇ ನಿಲ್ಲಿಸದೆ ಶಾಲನ್ನು ನಂಜಪ್ಪನವರ ಮುಂದೆ ಚಾಚಿದರು.

“ಒಗ್ದಿದೀನಿ, ತಿಂಗಳಾನುಗಟ್ಲೆ ಬಿಸಿಲಿಗೆ ಹಾಕಿದೀನಿ. ಡಾಕ್ಟರಮ್ಮನ ಕೇಳಿದ್ದಕ್ಕೆ ಇನ್ನು ಭಯವಿಲ್ಲ ಅಂದ್ರು. ತಗಂಡ್ ಹೋಗು. ಆದ್ರೆ ನಿನ್ನ ಮನೆ ಬೀರುಲಿ ಒಂದು ಗುಳಿಗೆ ಇದ್ರೂ ನಾನು ಕೊಡಾಕಿಲ್ಲ. ನಾಮಕರಣಕ್ಕೆ ಮುಂಚೆ ಬಂದು ನಾನೇ ಮೂಸಿ ನೋಡ್ತೀನಿ.”

ಹೇಳಿದಂತೆ ಹೋಗಿ ಮೂಸಿ ಬಂದರು ಕೂಡ. ಈಗ ಯಡಿಯೂರಿನಲ್ಲಿ, ಜಯನಗರದ ನಮ್ಮ ಬೀದಿಯಲ್ಲಿ, ಎಲ್ಲಿ ತೊಟ್ಟಿಲು ಕಟ್ಟಿದರೂ ನಮ್ಮತ್ತೆ ಕರೆಯದಿದ್ದರೂ ಹೋಗುತ್ತಾರೆ. ಮೊದಲು ಮಗುವಿನ ಬಟ್ಟೆ ಮೂಸುತ್ತಾರೆ, ಆಮೇಲೆ ಮಗುವಿನ ಮುಖ ನೋಡುತ್ತಾರೆ. ಹಿಂದಿನಿಂದ ನಗುವವರಿದ್ದಾರೆ. ನಗಲಿ, ಗುಳಿಗೆ ತೆಗೆಯುತ್ತಾರಲ್ಲ.

ಮಂಜುನಾಥ ಚೆನ್ನಾಗಿದ್ದಾನೆ. ಅವನ ರಕ್ತದ ಕಾವಲು ಎಂದೂ ಹೆಚ್ಚುವುದಿಲ್ಲ, ಇದಕ್ಕೆ ಮದ್ದಿಲ್ಲ. ಅವನಿಗೆ ಯಾವ ಮಾತ್ರೆ ಕೊಡುವ ಮುಂಚೆಯೂ ಕೇಳಬೇಕು, ಜ್ವರ ಬಂದರೆ ಉಚ್ಚೆ ನೋಡಬೇಕು, ಬದುಕಿರುವಷ್ಟು ಕಾಲವೂ. ನೋಡುತ್ತೇವೆ. ಅದಕ್ಕಿಂತ ದೊಡ್ಡ ಕೆಲಸ ನನಗೇನಿದೆ? ಡಾಕ್ಟರಮ್ಮನ ಮೂಗಿಗೆ ದಿನವೂ ಒಂದು ನಮಸ್ಕಾರ ಹಾಕುತ್ತೇನೆ.

ಆ ಭಾನುವಾರ ನಂಜಪ್ಪನವರು ಶಾಲು ಹಿಡಿದು ಹೊರಟ ಮೇಲೆ ಅತ್ತೆ ನೆಲದ ಮೇಲಿನ ಬೇವಿನೆಲೆಗಳನ್ನು ಆರಿಸುತ್ತಾ ಕೂತರು. ಮಂಜುನಾಥ ಅಂಬೆಗಾಲಿಟ್ಟು ಅವರ ಮಡಿಲಿಗೆ ಹತ್ತಿದ. ಆಸ್ಪತ್ರೆಯಿಂದ ಬಂದ ದಿನದಿಂದ ಅವನನ್ನು ಮುಟ್ಟದಿದ್ದ ಕೈಗಳು ಈ ಸಲ ಅವನನ್ನು ದೂರ ಸರಿಸಲಿಲ್ಲ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಗಿರಿಜೆ ಹತ್ತಿರ ಬಂದು ಕೇಳಿದಳು.

“ಅಜ್ಜಿ, ಚಂದ್ರಶೇಖರ ಅಂದ್ರೆ ಯಾರು?”

ಅತ್ತೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

“ನಿನ್ನ ತಮ್ಮ ಕಣವ್ವ” ಎಂದರು. “ದೊಡ್ಡ ತಮ್ಮ. ಕೂತ್ಕೊ ಬಾ, ಹೇಳ್ತೀನಿ.”